ಡಿ.ಡಿ. ಕೋಸಂಬಿ: ಹಲವು ಶಿಸ್ತುಗಳ ಅಡಿಟಿಪ್ಪಣಿಗಳಲ್ಲಿ ಒಬ್ಬ ವಿದ್ವಾಂಸ

ಕನ್ನಡದ ಸಂಶೋಧಕರಿಗೆ ದಾಮೋದರ ಧರ್ಮಾನಂದ ಕೋಸಂಬಿ (1907–1966) ಅವರ ಹೆಸರು ಅಪರಿಚಿತವಾದುದಲ್ಲ. ಪ್ರಾಚೀನ ಭಾರತದ ಚರಿತ್ರೆ, ಜಾತಿಯ ಹುಟ್ಟು, ಗ್ರಾಮದೇವತೆಗಳ ಆರಾಧನೆ, ಊಳಿಗಮಾನ್ಯ ವ್ಯವಸ್ಥೆ ಮುಂತಾದ ವಿಷಯಗಳನ್ನು ಕುರಿತು ಬರೆಯುವವರು ಒಂದಲ್ಲ ಒಂದು ಹಂತದಲ್ಲಿ ಅವರ ಗ್ರಂಥಗಳ ಕಡೆಗೆ ತಿರುಗಲೇಬೇಕಾಗುತ್ತದೆ. ಆದರೆ ಕೋಸಂಬಿಯವರ ಬರಹಗಳಲ್ಲಿ ಜಗತ್ತಿನ ವಿದ್ವತ್ ಪತ್ರಿಕೆಗಳಲ್ಲಿ ಅತಿ ಹೆಚ್ಚು ಬಾರಿ ಉಲ್ಲೇಖಗೊಂಡಿರುವುದು ಚರಿತ್ರೆಯ ಗ್ರಂಥವಲ್ಲ, ತಳಿಶಾಸ್ತ್ರಕ್ಕೆ ಸೇರಿದ ನಾಲ್ಕು ಪುಟಗಳ ಒಂದು ಪ್ರಬಂಧ. ಭತ್ತ, ಗೋಧಿ, ಮುಸುಕಿನ ಜೋಳಗಳ ತಳಿನಕ್ಷೆಯನ್ನು ರಚಿಸುವ ವಿಜ್ಞಾನಿಗಳು ಆ ಹೆಸರನ್ನು ದಿನನಿತ್ಯ ಬಳಸುತ್ತಾರೆ. ಅವರಲ್ಲಿ ಅನೇಕರಿಗೆ ಇದೇ ವ್ಯಕ್ತಿ ಭರ್ತೃಹರಿಯ ಸುಭಾಷಿತಗಳನ್ನು ಸಂಪಾದಿಸಿದವರೆಂಬುದು ತಿಳಿದಿರುವುದಿಲ್ಲ. ಭರ್ತೃಹರಿಯ ಸಂಪಾದಿತ ಪಾಠವನ್ನು ಓದುವವರಲ್ಲಿಯೂ ಅನೇಕರಿಗೆ ಸಂಪಾದಕರ ತಳಿಶಾಸ್ತ್ರದ ಸೂತ್ರದ ಪರಿಚಯವಿರುವುದಿಲ್ಲ. ಒಬ್ಬ ವಿದ್ವಾಂಸನ ಕೃತಿರಾಶಿ ಹೀಗೆ ಪರಸ್ಪರ ಪರಿಚಯವಿಲ್ಲದ ಓದುಗ ಸಮುದಾಯಗಳಲ್ಲಿ ಹಂಚಿಹೋದಾಗ ಅದರ ಬೆಲೆಯನ್ನು ಕಟ್ಟುವುದು ಹೇಗೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವರ ಬದುಕನ್ನು ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮನೆತನ ಮತ್ತು ವ್ಯಾಸಂಗ

ಕೋಸಂಬಿಯವರು ಹುಟ್ಟಿದ್ದು 1907ರ ಜುಲೈ 31ರಂದು, ಗೋವೆಯ ಕೋಸ್ಬೆನ್ ಎಂಬಲ್ಲಿ. ಮನೆಮಾತು ಕೊಂಕಣಿ. ತಂದೆ ಧರ್ಮಾನಂದ ಕೋಸಂಬಿ (1876–1947) ಪಾಲಿ ಭಾಷೆ ಮತ್ತು ಬೌದ್ಧ ಸಾಹಿತ್ಯದಲ್ಲಿ ಅಂತಾರಾಷ್ಟ್ರೀಯ ಖ್ಯಾತಿ ಪಡೆದವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿಯನ್ನು ಬೋಧಿಸಿದವರು. ಬುದ್ಧಘೋಷನ ವಿಸುದ್ಧಿಮಗ್ಗದ ಸಂಪಾದನೆಗಾಗಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹಲವು ಬಾರಿ ಹೋಗಿಬಂದರು. 1918ರ ಪ್ರಯಾಣದಲ್ಲಿ ಮಗನನ್ನೂ ಜೊತೆಗೆ ಕರೆದೊಯ್ದರು. ಹೀಗಾಗಿ ದಾಮೋದರರ ಶಾಲಾ ಶಿಕ್ಷಣದ ಬಹುಭಾಗ ಅಮೆರಿಕದ ಕೇಂಬ್ರಿಜ್ ಪಟ್ಟಣದಲ್ಲಿ ನಡೆಯಿತು. 1929ರಲ್ಲಿ ಹಾರ್ವರ್ಡಿನಿಂದ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದು ಅವರು ಭಾರತಕ್ಕೆ ಮರಳಿದರು.

ಹಾರ್ವರ್ಡಿನಲ್ಲಿ ಗಣಿತಜ್ಞ ಜಾರ್ಜ್ ಬರ್ಕಾಫ್ ಅವರು ಗಣಿತದ ಮೇಲೆಯೇ ಗಮನ ಕೇಂದ್ರೀಕರಿಸುವಂತೆ ಈ ವಿದ್ಯಾರ್ಥಿಗೆ ಸಲಹೆ ನೀಡಿದ್ದರೆಂದು ತಿಳಿದುಬರುತ್ತದೆ. ಕೋಸಂಬಿಯವರು ಆ ಸಲಹೆಯನ್ನು ಪೂರ್ತಿಯಾಗಿ ಪಾಲಿಸಲಿಲ್ಲ. ಭಾಷೆಗಳನ್ನೂ ಇತರ ವಿಷಯಗಳನ್ನೂ ಅಷ್ಟೇ ಆಸಕ್ತಿಯಿಂದ ಅಭ್ಯಸಿಸಿದರು. ಅವರು ಸ್ನಾತಕೋತ್ತರ ಪದವಿಯನ್ನಾಗಲಿ ಡಾಕ್ಟರೇಟನ್ನಾಗಲಿ ಪಡೆಯಲಿಲ್ಲ. ವಿಶ್ವವಿದ್ಯಾಲಯಗಳ ಇಂದಿನ ಅರ್ಹತಾ ನಿಯಮಗಳ ದೃಷ್ಟಿಯಿಂದ ನೋಡಿದರೆ ಅಧ್ಯಾಪಕ ಹುದ್ದೆಯ ಅರ್ಜಿ ಪರಿಶೀಲನೆಯ ಹಂತವನ್ನೇ ಅವರು ದಾಟುತ್ತಿರಲಿಲ್ಲ ಎಂಬುದು ಗಮನಾರ್ಹ.

2. ಕಾಶಿ ಮತ್ತು ಅಲೀಗಢ

1929ರಿಂದ 1931ರವರೆಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತವನ್ನು ಬೋಧಿಸಿದ ಕೋಸಂಬಿ ಅನಂತರ ಅಲೀಗಢದ ಮುಸ್ಲಿಂ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಆಗ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದವರು ಫ್ರಾನ್ಸಿನ ತರುಣ ಗಣಿತಜ್ಞ ಆಂಡ್ರೆ ವೇಯ್. ಉಲ್ಲೇಖಗಳ ಚರಿತ್ರೆಯಲ್ಲಿಯೇ ವಿಲಕ್ಷಣವೆನ್ನಬಹುದಾದ ಒಂದು ಪ್ರಸಂಗ ಈ ಅವಧಿಗೆ ಸೇರಿದೆ. ವೇಯ್ ಅವರ ಸೂಚನೆಯಂತೆ, ಒಬ್ಬ ಸಹೋದ್ಯೋಗಿಯನ್ನು ಕೆಣಕುವ ಸಲುವಾಗಿ, ಕೋಸಂಬಿಯವರು ಬೂರ್ಬಾಕಿ ಎಂಬ ರಷ್ಯನ್ ಲೇಖಕನ ಪ್ರಮೇಯವೊಂದನ್ನು ವಿಸ್ತರಿಸುವುದಾಗಿ ಹೇಳುವ ಪ್ರಬಂಧವನ್ನು ಸಂಯುಕ್ತ ಪ್ರಾಂತದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂಥ ಲೇಖಕನೇ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ವೇಯ್ ಮತ್ತು ಅವರ ಗೆಳೆಯರು ನಿಕೊಲಾ ಬೂರ್ಬಾಕಿ ಎಂಬ ಸಾಮೂಹಿಕ ಹೆಸರಿನಲ್ಲಿ ಬರೆಯತೊಡಗಿದರು. ಆ ಹೆಸರು ಇಪ್ಪತ್ತನೆಯ ಶತಮಾನದ ಗಣಿತದಲ್ಲಿ ದೊಡ್ಡದಾಗಿ ಬೆಳೆಯಿತು. ವಿದ್ವತ್ ಪತ್ರಿಕೆಯೊಂದರಲ್ಲಿ ಆ ಹೆಸರು ಮೊದಲು ಕಾಣಿಸಿಕೊಂಡದ್ದು ಕೋಸಂಬಿಯವರ ಈ ತಮಾಷೆಯ ಪ್ರಬಂಧದಲ್ಲಿ. ಅಡಿಟಿಪ್ಪಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅದರ ಹಿಂದೆ ಕೃತಿಯೊಂದು ಇದ್ದೇ ತೀರಬೇಕೆಂದಿಲ್ಲ ಎಂಬುದನ್ನು ಅವರು ಇಪ್ಪತ್ತನಾಲ್ಕರ ವಯಸ್ಸಿನ ಸುಮಾರಿಗೇ ತೋರಿಸಿಕೊಟ್ಟಿದ್ದರು.

ಈ ವರ್ಷಗಳಲ್ಲಿಯೇ ಅವರ ಗಂಭೀರ ಗಣಿತ ಸಂಶೋಧನೆಯೂ ನೆಲೆಗೊಂಡಿತು. ಅವಕಲನ ರೇಖಾಗಣಿತದಲ್ಲಿ ಪಥಾವಕಾಶಗಳನ್ನು ಕುರಿತ ಅವರ ಪ್ರಬಂಧವು 1933ರಲ್ಲಿ ಜರ್ಮನಿಯ ಪ್ರಸಿದ್ಧ ಗಣಿತ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಬೆನ್ನಿಗೇ, ಅದೇ ಸಂಚಿಕೆಯಲ್ಲಿ, ಫ್ರಾನ್ಸಿನ ಹಿರಿಯ ಗಣಿತಜ್ಞ ಎಲೀ ಕಾರ್ತಾನ್ ಅವರ ಟಿಪ್ಪಣಿಯೂ ಅಚ್ಚಾಯಿತು. 1939ರಲ್ಲಿ ಚೀನಾದ ಎಸ್.ಎಸ್. ಚರ್ನ್ ಈ ವಿಚಾರವನ್ನು ಮುಂದುವರಿಸಿದರು. ಮೂವರ ಹೆಸರೂ ಕೂಡಿಕೊಂಡಿರುವ ಈ ಸಿದ್ಧಾಂತವನ್ನು ದಶಕಗಳ ಅನಂತರ ಜೀವಪರಿಸರದ ಮತ್ತು ಚಲನವ್ಯವಸ್ಥೆಗಳ ಅಧ್ಯಯನಗಳಲ್ಲಿ ಬಳಸಿಕೊಳ್ಳಲಾಯಿತು.

3. ಪುಣೆಯ ಹನ್ನೆರಡು ವರ್ಷ

1933ರಲ್ಲಿ ಕೋಸಂಬಿಯವರು ತಂದೆ ಬೋಧಿಸಿದ್ದ ಫರ್ಗ್ಯುಸನ್ ಕಾಲೇಜಿಗೇ ಗಣಿತದ ಅಧ್ಯಾಪಕರಾಗಿ ಬಂದರು. 1934ರಲ್ಲಿ ಅವರಿಗೆ ರಾಮಾನುಜನ್ ಸ್ಮಾರಕ ಪ್ರಶಸ್ತಿ ದೊರೆಯಿತು. ಪುಣೆಯಲ್ಲಿ ಕಳೆದ ಹನ್ನೆರಡು ವರ್ಷಗಳಲ್ಲಿ ಅವರ ಅಧ್ಯಯನವು ಮೂರು ಹೊಸ ದಿಕ್ಕುಗಳಲ್ಲಿ ಕವಲೊಡೆಯಿತು. ಹೊರನೋಟಕ್ಕೆ ಇದು ಆಸಕ್ತಿಯ ಚದುರುವಿಕೆಯಂತೆ ಕಾಣುತ್ತದೆ. ಸೂಕ್ಷ್ಮವಾಗಿ ಪರಿಶೀಲಿಸಿದರೆ ಈ ಮೂರರಲ್ಲಿಯೂ ಒಂದೇ ಬಗೆಯ ಪ್ರಶ್ನೆ ಅಡಗಿರುವುದನ್ನು ಗುರುತಿಸಬಹುದು.

ಮೊದಲನೆಯದು ನಾಣ್ಯಶಾಸ್ತ್ರ. ಪ್ರಾಚೀನ ಭಾರತದ ಮುದ್ರಾಂಕಿತ ಬೆಳ್ಳಿ ನಾಣ್ಯಗಳ ಮೇಲೆ ರಾಜರ ಹೆಸರಾಗಲಿ ಕಾಲವಾಗಲಿ ಇರುವುದಿಲ್ಲ. ಕೆಲವು ಚಿಹ್ನೆಗಳಷ್ಟೇ ಇರುತ್ತವೆ. ಇವುಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂದು ನಿರ್ಧರಿಸುವುದು ಕಷ್ಟ. ನಾಣ್ಯವು ಕೈಯಿಂದ ಕೈಗೆ ಸಾಗಿದಂತೆ ಸವೆಯುತ್ತದೆ, ಸವೆದಂತೆ ತೂಕ ಕಡಿಮೆಯಾಗುತ್ತದೆ ಎಂಬ ಸರಳ ಸಂಗತಿಯನ್ನು ಕೋಸಂಬಿಯವರು ಸಂಖ್ಯಾಶಾಸ್ತ್ರದ ನೆಲೆಗೆ ತಂದರು. ತಮ್ಮ ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳನ್ನು ತೂಗಿ ಸವೆತದ ಸ್ವರೂಪವನ್ನು ಅರಿತುಕೊಂಡರು. ಬಳಿಕ ತಕ್ಷಶಿಲೆಯ ನಿಧಿಯಲ್ಲಿ ದೊರೆತ ನಾಣ್ಯಗಳನ್ನು ಒಂದೊಂದಾಗಿ ತೂಗಿದರು. ಹಿಂಬದಿಯ ಚಿಹ್ನೆಗಳ ಸಂಖ್ಯೆ ಹೆಚ್ಚಿದಂತೆ ಸರಾಸರಿ ತೂಕ ಇಳಿಯುತ್ತ ಹೋಗುವುದನ್ನು ಅವರು ಕಂಡುಕೊಂಡರು. ಈ ಅಧ್ಯಯನದ ಕೆಲವು ಭಾಗಗಳು 1940ರಿಂದ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅಚ್ಚಾದವು. ವಿಸ್ತೃತ ಪ್ರಬಂಧವು 1941ರಲ್ಲಿ ನ್ಯೂ ಇಂಡಿಯನ್ ಆಂಟಿಕ್ವರಿಯಲ್ಲಿ ಬಂದಿತು.

ಎರಡನೆಯದು ಗ್ರಂಥಸಂಪಾದನೆ. ಪುಣೆಯ ಭಂಡಾರಕರ್ ಸಂಸ್ಥೆಯಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ರೂಪಿಸುತ್ತಿದ್ದ ವಿ.ಎಸ್. ಸುಕ್ತಂಕರ್ (1887–1943) ಅವರ ಒಡನಾಟ ಕೋಸಂಬಿಯವರಿಗೆ ದೊರೆತಿತ್ತು. ಸುಕ್ತಂಕರರೂ ಮೊದಲು ಗಣಿತವನ್ನು ಅಭ್ಯಾಸ ಮಾಡಿದವರೇ. ಭರ್ತೃಹರಿಯ ಹೆಸರಿನಲ್ಲಿ ಪ್ರಚಲಿತವಾಗಿರುವ ಶತಕಗಳಲ್ಲಿ ಯಾವ ಪದ್ಯ ಮೂಲದ್ದು, ಯಾವುದು ಪ್ರಕ್ಷಿಪ್ತ ಎಂಬ ಸಮಸ್ಯೆಯನ್ನು ಕೋಸಂಬಿ ಎತ್ತಿಕೊಂಡರು. ದೇಶದ ನಾನಾ ಕಡೆಗಳಲ್ಲಿದ್ದ ನೂರಾರು ಹಸ್ತಪ್ರತಿಗಳನ್ನು ತೌಲನಿಕವಾಗಿ ನೋಡಿ, ಅವುಗಳನ್ನು ಶಾಖೆಗಳಾಗಿ ವಿಂಗಡಿಸಿ, ಎಲ್ಲ ಶಾಖೆಗಳಲ್ಲಿ ಸಮಾನವಾಗಿ ದೊರೆಯುವ ಪದ್ಯಗಳನ್ನು ಪ್ರತ್ಯೇಕಿಸಿದರು. ಈ ದೀರ್ಘ ಪರಿಶ್ರಮದ ಫಲವಾದ ಪರಿಷ್ಕೃತ ಆವೃತ್ತಿ 1948ರಲ್ಲಿ ಸಿಂಘೀ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು. ಡಿ.ಎಲ್. ನರಸಿಂಹಾಚಾರ್ ಅವರ ಮೂಲಕ ಪಾಠಾಂತರ, ಪ್ರತಿವಂಶ, ಮಾತೃಕೆ ಮುಂತಾದ ಪರಿಕಲ್ಪನೆಗಳನ್ನು ಅರಿತ ಕನ್ನಡ ಓದುಗರಿಗೆ ಈ ಕಾರ್ಯದ ಭಾರವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಮೂರನೆಯದು ಸಂಖ್ಯಾಶಾಸ್ತ್ರ. 1943ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಯಾದೃಚ್ಛಿಕವಾಗಿ ಬದಲಾಗುವ ಪ್ರಕ್ರಿಯೆಗಳನ್ನು ಸರಳ ಘಟಕಗಳ ಶ್ರೇಣಿಯಾಗಿ ಬಿಡಿಸುವ ವಿಧಾನವನ್ನು ಅವರು ಮಂಡಿಸಿದರು. ಕೆಲವು ವರ್ಷಗಳ ಅನಂತರ ಫಿನ್ಲೆಂಡಿನ ಕಾರ್ಹುನೆನ್ ಮತ್ತು ಫ್ರಾನ್ಸಿನ ಲೊಯೆವ್ ಸ್ವತಂತ್ರವಾಗಿ ಇದೇ ನಿಲುವಿಗೆ ಬಂದರು. ಧ್ವನಿ ಮತ್ತು ಚಿತ್ರಗಳ ಸಂಸ್ಕರಣದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಈ ವಿಧಾನವು ಬಹುಕಾಲ ಆ ಇಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿತ್ತು. ಕೋಸಂಬಿಯವರ ಆದ್ಯತೆಯನ್ನು ಗುರುತಿಸಿ ಮೂವರ ಹೆಸರನ್ನೂ ಸೇರಿಸಿ ಹೇಳುವ ರೂಢಿ ಈಚಿನದು. ಯುದ್ಧಕಾಲದಲ್ಲಿ ಭಾರತದ ಪತ್ರಿಕೆಯೊಂದರಲ್ಲಿ ಅಚ್ಚಾದ ಪ್ರಬಂಧವು ಯೂರೋಪಿನ ಓದುಗರನ್ನು ಸಕಾಲದಲ್ಲಿ ತಲುಪದಿದ್ದುದು ಇದಕ್ಕೆ ಒಂದು ಕಾರಣವಾಗಿರಬಹುದು.

4. ನಾಲ್ಕು ಪುಟಗಳ ಪ್ರಬಂಧ

ಅತಿ ಹೆಚ್ಚು ಉಲ್ಲೇಖಗೊಂಡ ತಳಿಶಾಸ್ತ್ರದ ಪ್ರಬಂಧವೂ ಇದೇ ಕಾಲದ್ದು. ಅದು ಇಂಗ್ಲೆಂಡಿನ ಆನಲ್ಸ್ ಆಫ್ ಯೂಜೆನಿಕ್ಸ್ ಪತ್ರಿಕೆಯ 12ನೆಯ ಸಂಪುಟದಲ್ಲಿ, 172ರಿಂದ 175ನೆಯ ಪುಟಗಳಲ್ಲಿದೆ. ಅದರ ವಸ್ತುವನ್ನು ಹೀಗೆ ಸಂಗ್ರಹಿಸಬಹುದು. ಒಂದೇ ವರ್ಣತಂತುವಿನ ಮೇಲಿರುವ ಎರಡು ವಂಶವಾಹಿಗಳು ಸಾಮಾನ್ಯವಾಗಿ ಒಟ್ಟಾಗಿ ಸಂತತಿಗೆ ಸಾಗುತ್ತವೆ. ವರ್ಣತಂತುಗಳ ನಡುವೆ ತುಂಡುಗಳ ವಿನಿಮಯವಾದಾಗ ಮಾತ್ರ ಅವು ಬೇರ್ಪಡುತ್ತವೆ. ಬೇರ್ಪಟ್ಟ ಸಂತತಿಯ ಪ್ರಮಾಣವನ್ನು ಎಣಿಸಬಹುದು. ಅದರಿಂದ ವಂಶವಾಹಿಗಳ ನಡುವಿನ ದೂರವನ್ನು ಊಹಿಸಬೇಕು. ಆದರೆ ಎರಡು ವಿನಿಮಯಗಳು ಒಟ್ಟಿಗೆ ನಡೆದರೆ ಒಂದು ಮತ್ತೊಂದನ್ನು ಮರೆಮಾಡುತ್ತದೆ. ಜೆ.ಬಿ.ಎಸ್. ಹಾಲ್ಡೇನ್ 1919ರಲ್ಲಿ ರೂಪಿಸಿದ ಸೂತ್ರವು ವಿನಿಮಯಗಳು ಒಂದನ್ನೊಂದು ಬಾಧಿಸುವುದಿಲ್ಲವೆಂದು ಭಾವಿಸಿತ್ತು. ವಾಸ್ತವದಲ್ಲಿ ಒಂದೆಡೆ ನಡೆದ ವಿನಿಮಯವು ಅದರ ಸಮೀಪದಲ್ಲಿ ಇನ್ನೊಂದು ನಡೆಯದಂತೆ ತಡೆಯುತ್ತದೆ. ದೂರ ಹೆಚ್ಚಿದಂತೆ ಈ ತಡೆ ಕ್ಷೀಣಿಸುತ್ತದೆ. ಕೋಸಂಬಿಯವರ ಸೂತ್ರವು ಈ ಕ್ರಮಿಕ ಕ್ಷೀಣತೆಯನ್ನು ಒಳಗೊಳ್ಳುತ್ತದೆ. ಉದಾಹರಣೆಗೆ, ಸಂತತಿಯಲ್ಲಿ ಶೇಕಡ 20ರಷ್ಟು ಬೇರ್ಪಟ್ಟಿದ್ದರೆ ಹಾಲ್ಡೇನ್ ಸೂತ್ರದಂತೆ ದೂರವು ಸುಮಾರು 25.5 ಮಾನ, ಕೋಸಂಬಿ ಸೂತ್ರದಂತೆ ಸುಮಾರು 21.2 ಮಾನ.

ಗಣಕಯಂತ್ರಗಳ ನೆರವಿನಿಂದ ಸಾವಿರಾರು ವಂಶವಾಹಿ ಗುರುತುಗಳ ನಕ್ಷೆ ರಚಿಸುವ ಕಾಲ ಬಂದಾಗ, ಅಂದರೆ 1980ರ ದಶಕದ ಉತ್ತರಾರ್ಧದಿಂದ, ಇದಕ್ಕಾಗಿ ಸಿದ್ಧಗೊಂಡ ತಂತ್ರಾಂಶಗಳು ಹಾಲ್ಡೇನ್ ಮತ್ತು ಕೋಸಂಬಿ ಸೂತ್ರಗಳೆರಡನ್ನೂ ಅಳವಡಿಸಿಕೊಂಡವು. ಅಲ್ಲಿಂದಾಚೆಗೆ ಈ ಪ್ರಬಂಧದ ಉಲ್ಲೇಖಗಳು ಸಾವಿರಗಳ ಲೆಕ್ಕಕ್ಕೆ ಏರಿದವು. ಕೆಲವರು ಇದನ್ನು 1943ರದೆಂದೂ ಕೆಲವರು 1944ರದೆಂದೂ ನಮೂದಿಸುತ್ತಾರೆ. ಮೂಲ ಪತ್ರಿಕೆಯ ಹೆಸರೂ 1954ರಲ್ಲಿ ಆನಲ್ಸ್ ಆಫ್ ಹ್ಯೂಮನ್ ಜೆನೆಟಿಕ್ಸ್ ಎಂದು ಬದಲಾಯಿತು. ಸೂತ್ರವನ್ನು ಬಳಸುವ ಅನೇಕರು ಮೂಲ ಪ್ರಬಂಧದ ಹೆಸರನ್ನೇ ಹೇಳುವುದಿಲ್ಲ. ಸೂತ್ರದ ಹೆಸರನ್ನು ಮಾತ್ರ ಹೇಳುತ್ತಾರೆ. ವಿಚಾರವೊಂದು ಸಂಪೂರ್ಣವಾಗಿ ಅಂಗೀಕೃತವಾದಾಗ ಅದರ ಮೂಲದ ಉಲ್ಲೇಖ ಮರೆಯಾಗುವುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದಾರೆ. ಉಲ್ಲೇಖಗಳ ಎಣಿಕೆಯು ಅತ್ಯಂತ ಯಶಸ್ವಿ ವಿಚಾರಗಳನ್ನೇ ಕಡಿಮೆ ತೂಗುವ ಸಂಭವ ಇಲ್ಲಿದೆ.

ಈಗ ಮೇಲೆ ಸೂಚಿಸಿದ ಸಮಾನ ಪ್ರಶ್ನೆಗೆ ಮರಳಬಹುದು. ನಾಣ್ಯದ ವಯಸ್ಸು ಕಣ್ಣಿಗೆ ಕಾಣದು. ತೂಕದ ವ್ಯತ್ಯಾಸ ಕಾಣುತ್ತದೆ. ಕವಿಯ ಮೂಲಪಾಠ ಕಾಣದು. ಪ್ರತಿಗಳ ನಡುವಣ ವ್ಯತ್ಯಾಸ ಕಾಣುತ್ತದೆ. ವಂಶವಾಹಿಗಳ ದೂರ ಕಾಣದು. ಸಂತತಿಯ ಲಕ್ಷಣಗಳ ವ್ಯತ್ಯಾಸ ಕಾಣುತ್ತದೆ. ಎಣಿಸಬಹುದಾದ ವ್ಯತ್ಯಾಸಗಳಿಂದ ಕಾಣದ ದೂರವನ್ನು ಅಳೆಯುವುದು ಮೂರು ಕಡೆಯೂ ಅವರು ಅನುಸರಿಸಿದ ಮಾರ್ಗ. ಒಂದೇ ವಿಧಾನದ ಈ ಮೂರು ಪ್ರಯೋಗಗಳು ಮೂರು ಬೇರೆ ಬೇರೆ ಸೂಚಿಗಳಲ್ಲಿ ಸೇರಿಹೋಗಿವೆ. ಯಾವ ಒಂದು ಸೂಚಿಯನ್ನು ತೆರೆದರೂ ಅವುಗಳ ನಡುವಣ ಸಂಬಂಧ ಗೋಚರಿಸುವುದಿಲ್ಲ.

5. ಚರಿತ್ರೆಯ ಕಡೆಗೆ

1945ರಲ್ಲಿ ಹೋಮಿ ಭಾಭಾ ಅವರ ಆಹ್ವಾನದ ಮೇರೆಗೆ ಕೋಸಂಬಿಯವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆ ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆರಂಭಗೊಂಡು ಮುಂಬಯಿಗೆ ಸ್ಥಳಾಂತರಗೊಂಡಿತ್ತು. ವಾಸ ಪುಣೆಯಲ್ಲಿ, ಉದ್ಯೋಗ ಮುಂಬಯಿಯಲ್ಲಿ. ಡೆಕ್ಕನ್ ಕ್ವೀನ್ ರೈಲಿನಲ್ಲಿ ಅವರ ಓಡಾಟ ವರ್ಷಗಟ್ಟಲೆ ನಡೆಯಿತು. ಗಣಿತದ ಪ್ರಾಧ್ಯಾಪಕರಾಗಿದ್ದುಕೊಂಡೇ ಅವರು 1956ರಲ್ಲಿ ಆನ್ ಇಂಟ್ರಡಕ್ಷನ್ ಟು ದ ಸ್ಟಡಿ ಆಫ್ ಇಂಡಿಯನ್ ಹಿಸ್ಟರಿ ಎಂಬ ಗ್ರಂಥವನ್ನು ಹೊರತಂದರು. ರಾಜವಂಶಗಳ ಕಾಲಾನುಕ್ರಮಣಿಕೆಯ ಜಾಗದಲ್ಲಿ ಉತ್ಪಾದನಾ ವಿಧಾನಗಳ ಬದಲಾವಣೆಯನ್ನು ಚರಿತ್ರೆಯ ಬೆನ್ನೆಲುಬಾಗಿ ಅದು ಮುಂದಿಟ್ಟಿತು. 1962ರಲ್ಲಿ ಮಿತ್ ಅಂಡ್ ರಿಯಾಲಿಟಿ, 1965ರಲ್ಲಿ ಪ್ರಾಚೀನ ಭಾರತದ ಸಂಸ್ಕೃತಿ ಮತ್ತು ನಾಗರಿಕತೆಯನ್ನು ಕುರಿತ ಗ್ರಂಥ ಬಂದವು. ಪುಣೆಯ ಸುತ್ತಲಿನ ಬೆಟ್ಟಗಳಲ್ಲಿ ನಡೆದಾಡಿ ಸೂಕ್ಷ್ಮ ಶಿಲಾಯುಧಗಳನ್ನು ಸಂಗ್ರಹಿಸುವುದು, ಕಾರ್ಲೆಯ ಗುಹೆಗಳ ಶಾಸನಗಳನ್ನು ಓದುವುದು, ದಾರಿ ಕೂಡುವೆಡೆಗಳಲ್ಲಿರುವ ಮಾತೃದೇವತೆಯ ನೆಲೆಗಳನ್ನು ಗುರುತಿಸುವುದು, ಇವೆಲ್ಲ ಅವರಿಗೆ ಗ್ರಂಥಾಲಯದ ಓದಿನಷ್ಟೇ ಮುಖ್ಯವಾಗಿದ್ದವು. ಇಂದಿನ ಆಚರಣೆಯಲ್ಲಿ ಉಳಿದಿರುವುದರಿಂದ ಹಿಂದಿನದನ್ನು ಊಹಿಸುವ ಈ ಕ್ರಮ ನಾಣ್ಯದ ಸವೆತದಿಂದ ಅದರ ಪಯಣವನ್ನು ಊಹಿಸುವ ಕ್ರಮಕ್ಕೆ ಬಹಳ ದೂರದ್ದಲ್ಲ.

ಸಂಸ್ಕೃತದ ಕಾರ್ಯವೂ ನಿಲ್ಲಲಿಲ್ಲ. ವಿದ್ಯಾಕರನೆಂಬ ಬೌದ್ಧ ವಿದ್ವಾಂಸನು ಸಂಕಲಿಸಿದ ಸುಭಾಷಿತರತ್ನಕೋಶವನ್ನು ವಿ.ವಿ. ಗೋಖಲೆಯವರೊಡನೆ ಸಂಪಾದಿಸಿದರು. ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನಿಂದ ತಂದ ಛಾಯಾಚಿತ್ರಗಳು ಈ ಸಂಪಾದನೆಗೆ ಆಧಾರವಾದವು. ಅದು 1957ರಲ್ಲಿ ಹಾರ್ವರ್ಡ್ ಪ್ರಾಚ್ಯ ಗ್ರಂಥಮಾಲೆಯ 42ನೆಯ ಸಂಪುಟವಾಗಿ ಪ್ರಕಟವಾಯಿತು. ಅದೇ ಮಾಲೆಯ 41ನೆಯ ಸಂಪುಟ ಧರ್ಮಾನಂದರು ಪರಿಷ್ಕರಿಸಿದ ವಿಸುದ್ಧಿಮಗ್ಗ. ಅದು ಅವರ ಮರಣದ ಮೂರು ವರ್ಷಗಳ ಅನಂತರ, 1950ರಲ್ಲಿ, ಬೆಳಕು ಕಂಡಿತ್ತು. ತಂದೆ ಮತ್ತು ಮಗನ ದುಡಿಮೆ ಗ್ರಂಥಾಲಯಗಳ ಕಪಾಟಿನಲ್ಲಿ ಅಕ್ಕಪಕ್ಕ ನಿಂತಿದೆ. ಸಂಸ್ಕೃತ ಕಾವ್ಯವನ್ನು ವರ್ಗಸಂಬಂಧಗಳ ಹಿನ್ನೆಲೆಯಲ್ಲಿ ಅರ್ಥೈಸಿದ ಕೋಸಂಬಿಯವರ ಪೀಠಿಕೆಯನ್ನು ಡೇನಿಯಲ್ ಇಂಗಾಲ್ಸ್ ಒಪ್ಪಲಿಲ್ಲ. ಆದರೆ 1965ರಲ್ಲಿ ಆ ಕೃತಿಯನ್ನು ಇಂಗ್ಲಿಷಿಗೆ ತರುವಾಗ ಕೋಸಂಬಿ ಮತ್ತು ಗೋಖಲೆ ಸಂಪಾದಿಸಿದ ಪಾಠವನ್ನೇ ಆಧಾರವಾಗಿ ಇರಿಸಿಕೊಂಡರು. ಭಿನ್ನಾಭಿಪ್ರಾಯವೂ ಋಣವೂ ಒಂದೇ ಉಲ್ಲೇಖದಲ್ಲಿ ಕೂಡಿರಬಲ್ಲವು ಎಂಬುದಕ್ಕೆ ಇದು ನಿದರ್ಶನ.

ಚರಿತ್ರೆಯ ಕ್ಷೇತ್ರದಲ್ಲಿಯೂ ಹೀಗೆಯೇ ಆಯಿತು. ಊಳಿಗಮಾನ್ಯ ವ್ಯವಸ್ಥೆಯು ಮೇಲಿನಿಂದಲೂ ಕೆಳಗಿನಿಂದಲೂ ರೂಪುಗೊಂಡಿತೆಂಬ ಕೋಸಂಬಿಯವರ ವಿಚಾರದ ಅನಂತರ ಆರ್.ಎಸ್. ಶರ್ಮಾ ಅವರ ಗ್ರಂಥ 1965ರಲ್ಲಿ ಬಂದಿತು. 1981ರಲ್ಲಿ ಹರ್‌ಬನ್ಸ್ ಮುಖಿಯಾ ಈ ಪರಿಕಲ್ಪನೆಯನ್ನೇ ಪ್ರಶ್ನಿಸಿದರು. ಕರ್ನಾಟಕದ ಅಗ್ರಹಾರಗಳನ್ನೂ ದತ್ತಿಶಾಸನಗಳನ್ನೂ ಅಧ್ಯಯನ ಮಾಡುವವರು ಈ ವಾಗ್ವಾದವನ್ನು ಎದುರಾಗದೆ ಮುಂದೆ ಹೋಗಲಾರರು. ತಳಿಶಾಸ್ತ್ರದಲ್ಲಿ ಕೋಸಂಬಿಯವರನ್ನು ಬಳಸಲು ಉಲ್ಲೇಖಿಸುತ್ತಾರೆ. ಚರಿತ್ರೆಯಲ್ಲಿ ಚರ್ಚಿಸಲು ಉಲ್ಲೇಖಿಸುತ್ತಾರೆ. ಎರಡನ್ನೂ ಒಂದೇ ಅಂಕಿಯಾಗಿ ಕೂಡಿಸುವುದು ಧಾನ್ಯವನ್ನೂ ಬಟ್ಟೆಯನ್ನೂ ಒಂದೇ ಸೇರಿನಲ್ಲಿ ಅಳೆದಂತೆ.

6. ಅವಿಭಾಜ್ಯ ಸಂಖ್ಯೆಗಳ ಪ್ರಸಂಗ

ಕೋಸಂಬಿಯವರ ಕೃತಿಸೂಚಿಯಲ್ಲಿ ಮರೆಮಾಡಲಾಗದ ಒಂದು ಸೋಲೂ ಇದೆ. 1959ರಲ್ಲಿ ಭಾರತೀಯ ಕೃಷಿ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ರೀಮಾನ್ ಊಹೆಯ ಸಾಧನೆಗೆ ಸಂಭವನೀಯತೆಯ ಮಾರ್ಗವನ್ನು ಅವರು ಮುಂದಿಟ್ಟರು. ಗಣಿತದ ಅತ್ಯಂತ ಕಠಿಣ ಸಮಸ್ಯೆಗಳಲ್ಲಿ ಒಂದಾದ ಇದಕ್ಕೆ ಆ ಬಗೆಯ ವಾದ ಸಾಲದೆಂದು ಗಣಿತಜ್ಞರು ಕಂಡರು. ಅಂಥ ಪ್ರಬಂಧವು ಗಣಿತಜ್ಞರು ಸಾಮಾನ್ಯವಾಗಿ ನೋಡದ ಪತ್ರಿಕೆಯಲ್ಲಿ ಬಂದುದೂ ಟೀಕೆಗೆ ಗುರಿಯಾಯಿತು. ಸಂಸ್ಥೆಯೊಡನೆ ಅವರ ಸಂಬಂಧ ಆ ವೇಳೆಗಾಗಲೇ ಹದಗೆಟ್ಟಿತ್ತು. ವಿಶ್ವಶಾಂತಿ ಚಳವಳಿಯಲ್ಲಿ ತೊಡಗಿದ್ದ ಅವರು ಪರಮಾಣು ಶಕ್ತಿಗಿಂತ ಸೌರಶಕ್ತಿಯೇ ಭಾರತಕ್ಕೆ ತಕ್ಕದ್ದೆಂದು ಪ್ರತಿಪಾದಿಸುತ್ತಿದ್ದರು. ದೇಶದ ಪರಮಾಣು ಕಾರ್ಯಕ್ರಮದ ನೇತೃತ್ವ ವಹಿಸಿದ್ದವರು ಭಾಭಾ. 1962ರಲ್ಲಿ ಅವರ ಸೇವಾ ಒಪ್ಪಂದ ನವೀಕರಣಗೊಳ್ಳಲಿಲ್ಲ.

ಆದರೂ ಅವರು ಸಮಸ್ಯೆಯನ್ನು ಕೈಬಿಡಲಿಲ್ಲ. 1963ರಲ್ಲಿ ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯನ್ನು ಕುರಿತ ಅವರ ಪ್ರಬಂಧ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಪ್ರಕಟವಾಯಿತು. ಕೆಲವು ಪ್ರಬಂಧಗಳನ್ನು ಎಸ್. ಡ್ಯುಕ್ರೇ ಎಂಬ ಗುಪ್ತನಾಮದಲ್ಲಿಯೂ ಹೊರತಂದರು. ಇಲ್ಲದ ಲೇಖಕನನ್ನು ಉಲ್ಲೇಖಿಸಿ ಸಂಶೋಧನೆ ಆರಂಭಿಸಿದವರು ಕೊನೆಯ ವರ್ಷಗಳಲ್ಲಿ ತಮ್ಮದಲ್ಲದ ಹೆಸರಿನಲ್ಲಿ ಬರೆದರು. ಕೃತಿಸೂಚಿಗಳನ್ನು ಯಾಂತ್ರಿಕವಾಗಿ ತಯಾರಿಸುವವರಿಗೆ ಆ ಪ್ರಬಂಧಗಳು ಇಂದಿಗೂ ಬೇರೊಬ್ಬರವೇ. 1964ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಗೌರವ ವಿಜ್ಞಾನಿಯಾಗಿ ನೇಮಕಗೊಂಡ ಅವರು 1966ರ ಜೂನ್ 29ರಂದು ಪುಣೆಯಲ್ಲಿ ನಿಧನರಾದರು. ವೈಜ್ಞಾನಿಕ ನಾಣ್ಯಶಾಸ್ತ್ರವನ್ನು ಕುರಿತ ಅವರ ಲೇಖನ ಅದೇ ವರ್ಷದ ಫೆಬ್ರವರಿಯಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬಂದಿತ್ತು.

7. ಎಣಿಕೆ ಮತ್ತು ಬೆಲೆ

ಯೂಜೀನ್ ಗಾರ್ಫೀಲ್ಡ್ ಅವರ ವಿಜ್ಞಾನ ಉಲ್ಲೇಖಸೂಚಿ ರೂಪುಗೊಂಡದ್ದು ಕೋಸಂಬಿಯವರ ಕೊನೆಯ ವರ್ಷಗಳಲ್ಲಿ. ಹೋರ್ಹೆ ಹಿರ್ಷ್ ಅವರ ಎಚ್-ಸೂಚ್ಯಂಕ 2005ರಲ್ಲಿ ಬಂದಿತು. 2010ರ ಯುಜಿಸಿ ನಿಯಮಾವಳಿಯು ಅಧ್ಯಾಪಕರ ಬರಹಗಳಿಗೆ ಅಂಕ ನೀಡುವ ಕ್ರಮವನ್ನು ನಮ್ಮ ವಿಭಾಗಗಳಿಗೂ ತಂದಿತು. ಇಂಥ ಅಳತೆಗಳು ಸಂಪೂರ್ಣ ನಿರರ್ಥಕವೆಂದು ಹೇಳುವಂತಿಲ್ಲ. ಎಣಿಕೆಯನ್ನು ಕೋಸಂಬಿಯವರಷ್ಟು ಗೌರವಿಸಿದ ಮಾನವಿಕ ವಿದ್ವಾಂಸರು ವಿರಳ. ಆದರೆ ಅವರು ನಾಣ್ಯವನ್ನು ತೂಗುವ ಮೊದಲು ತೂಕ ಇಳಿಯಲು ಕಾರಣವೇನೆಂಬುದನ್ನು ಅರಿತುಕೊಂಡರು. ಪ್ರತಿಗಳನ್ನು ಎಣಿಸುವ ಮೊದಲು ಅವುಗಳ ವಂಶವನ್ನು ವಿಂಗಡಿಸಿದರು. ಒಂದೇ ಪ್ರತಿಯಿಂದ ನಕಲಾದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಾಗುವುದಿಲ್ಲವೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಮೂಲವನ್ನು ನೋಡದೆ ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡ ಉಲ್ಲೇಖಗಳ ವಿಷಯದಲ್ಲಿಯೂ ಇದೇ ನಿಯಮ ಅನ್ವಯಿಸಬೇಕಾಗುತ್ತದೆ.

ಚದುರಿಹೋದ ಈ ಬರಹಗಳನ್ನು ಒಟ್ಟುಗೂಡಿಸುವ ಪ್ರಯತ್ನಗಳು ತಡವಾಗಿಯಾದರೂ ನಡೆದಿವೆ. ನಾಣ್ಯಶಾಸ್ತ್ರದ ಪ್ರಬಂಧಗಳು 1981ರಲ್ಲಿ, ಬ್ರಜದುಲಾಲ್ ಚಟ್ಟೋಪಾಧ್ಯಾಯರು ಸಂಪಾದಿಸಿದ ಭಾರತೀಯ ವಿದ್ಯೆಯ ಪ್ರಬಂಧಗಳು 2002ರಲ್ಲಿ, ರಾಮಕೃಷ್ಣ ರಾಮಸ್ವಾಮಿಯವರು ಸಂಪಾದಿಸಿದ ಗಣಿತ ಮತ್ತು ಸಂಖ್ಯಾಶಾಸ್ತ್ರದ ಆಯ್ದ ಪ್ರಬಂಧಗಳು 2016ರಲ್ಲಿ ಸಂಪುಟ ರೂಪದಲ್ಲಿ ಬಂದವು. ಇಲ್ಲಿಯೂ ಶಿಸ್ತಿಗೊಂದು ಸಂಪುಟವಾಗಿದೆ ಎಂಬುದನ್ನು ಗಮನಿಸಬೇಕು. ಒಟ್ಟಿನಲ್ಲಿ ಹೇಳುವುದಾದರೆ, ಉಲ್ಲೇಖಸೂಚಿಯು ವಿದ್ವಾಂಸನ ಬರಹ ಯಾವ ಯಾವ ಓದುಗರನ್ನು ಮುಟ್ಟಿತೆಂಬುದನ್ನು ತಿಳಿಸಬಲ್ಲದು. ಆ ಬರಹಗಳನ್ನು ಒಂದಾಗಿಸಿದ ಪ್ರಶ್ನೆ ಯಾವುದೆಂಬುದನ್ನು ತಿಳಿಸಲಾರದು. ಅದಕ್ಕೆ ಅವನ ಕೃತಿಗಳನ್ನು, ಸಾಧ್ಯವಾದಷ್ಟೂ ನಮ್ಮ ಶಿಸ್ತಿನ ಆಚೆಗಿನವನ್ನೂ ಸೇರಿಸಿಕೊಂಡು, ಓದುವುದೊಂದೇ ದಾರಿ. ಕೋಸಂಬಿಯವರನ್ನು ಚರಿತ್ರೆಕಾರರೆಂದಷ್ಟೇ ಅರಿತಿರುವ ನಾವು ಅವರ ಆ ನಾಲ್ಕು ಪುಟಗಳನ್ನೂ ಒಮ್ಮೆ ತೆರೆ��ು ನೋಡುವುದು ಉಚಿತ.